ಅರ್ಧ, ಕಾಲು ದಾಟದ ತರಗತಿ

ನಿವೃತ್ತರಾದ ಗಂಡಸರು ಮನೆಯಲ್ಲೇ ಕೂತರೆ ಏನಾಗುತ್ತದೆ ಎಂದು ಅವರ ಹೆಂಡಂದಿರನ್ನು ಕೇಳಬೇಕು. ನಮ್ಮ ಯಜಮಾನರು ಲೆಕ್ಕದ ಮೇಷ್ಟ್ರು. ಪಾಠ ಹೇಳಲು ಮಕ್ಕಳು ಸಿಗದೆ, ನನ್ನ ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದರು. ಹಾಗಾಗಿ ಪರದೇಶದ ಒಂದು ಶಾಲೆಯಲ್ಲಿ ಮೂರು ವಾರ ಸಂಬಳವಿಲ್ಲದೆ ಪಾಠ ಮಾಡಿ ಬರುತ್ತೇನೆ ಎಂದಾಗ ಸಂತೋಷವೇ ಆಯಿತು. ನನಗೂ ಉಸಿರಾಡಲು ಬಿಡುವು ಬೇಕಿತ್ತು.

ಆದರೆ ಆ ತಯಾರಿ ನೋಡಬೇಕಿತ್ತು. ಊಟದ ಮೇಜಿನ ತುಂಬ ರಟ್ಟು, ಕತ್ತರಿ, ಗೋಂದು. ಭಿನ್ನರಾಶಿ ಕಲಿಸಲು ರಟ್ಟಿನ ಚಕ್ರಗಳನ್ನು ಕತ್ತರಿಸಿ, ಅರ್ಧಕ್ಕೆ ಕೆಂಪು, ಕಾಲಿಗೆ ಹಸಿರು ಬಳಿಯುತ್ತಿದ್ದರು. ಚೂರುಗಳು ಸಕ್ಕರೆ ಡಬ್ಬಿಯಲ್ಲೂ ಸಿಕ್ಕವು. ಆ ಮಕ್ಕಳಿಗೆ ಎಷ್ಟು ಬರುತ್ತದೆ, ಯಾವ ಪಾಠ ಬಾಕಿ ಇದೆ, ಒಂದು ಮಾತು ಕೇಳಿದಿರಾ ಎಂದೆ.

"ಲೆಕ್ಕ ಎಲ್ಲಾ ಕಡೆ ಲೆಕ್ಕಾನೇ ಕಣೇ. ಅದರಲ್ಲಿ ಕೇಳೋದೇನಿದೆ?"

ಹೇಳಿ ಹೇಳಿ ನನ್ನ ಬಾಯಿ ಒಣಗಿತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕೊನೆಗೆ ನಮ್ಮಣ್ಣನ ಮಗಳನ್ನು ಕರೆಸಿದೆ. ಅವಳು ಅದೇ ಶಾಲೆಯಲ್ಲಿ ಇಡೀ ವರ್ಷ ಸ್ವಯಂಸೇವಕಿಯಾಗಿ ಕೆಲಸ ಮಾಡಿದವಳು. ಅಲ್ಲಿನ ಭಾಷೆಯೂ ಬರುತ್ತದೆ. ಮೇಜಿನ ಮೇಲಿನ ಚಕ್ರಗಳನ್ನು ನೋಡಿದ್ದೇ ತಡ, ಹಣೆ ಚಚ್ಚಿಕೊಂಡಳು.

"ಮಾವ, ನೀವೂನಾ?"

ಆ ಶಾಲೆಗೆ ಇಂಥ ಅತಿಥಿಗಳು ಬರುತ್ತಲೇ ಇರುತ್ತಾರಂತೆ. ಬಂದವರೆಲ್ಲ ಚಕ್ರ ಹೊತ್ತೇ ಬರುತ್ತಾರೆ. ಎಲ್ಲರೂ ಅರ್ಧ, ಕಾಲಿನಿಂದಲೇ ಶುರುಮಾಡುತ್ತಾರೆ. ಭಿನ್ನರಾಶಿ ಕೂಡಿಸುವ ಪಾಠ ಬರುವಷ್ಟರಲ್ಲಿ ಗುಂಪಾಗಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಮುಂದಿನವರು ಬಂದು ಮತ್ತೆ ಅರ್ಧ, ಕಾಲು.

ಗೊತ್ತಿದ್ದರೆ ಮಕ್ಕಳು ಗೊತ್ತು ಅಂತ ಹೇಳಬಾರದೇ ಎಂದು ಇವರು ರೇಗಿದರು.

"ಹೇಳಲ್ಲ ಮಾವ. ಬಂದವರ ಮನಸ್ಸು ನೋಯಿಸಬಾರದು ಅಂತ ಅವರಿಗೆ ಕಲಿಸಿದ್ದಾರೆ. ಅರ್ಧ ತೋರಿಸಿ ಇದೇನು ಅಂದ್ರೆ, ಗೊತ್ತಿದ್ರೂ ಸ್ವಲ್ಪ ಹೊತ್ತು ತಲೆ ಕೆರ್ಕೊಂಡು ಆಮೇಲೆ ಹೇಳ್ತಾರೆ. ನೀವು ಖುಷಿಯಾಗಿ ಚಪ್ಪಾಳೆ ತಟ್ತೀರಿ. ಅವರ ಟೀಚರ್ ಹಿಂದಿನ ಬೆಂಚಲ್ಲಿ ಸುಮ್ನೆ ಕೂತಿರ್ತಾರೆ."

ಮೊದಲು ನಗು ಬಂತು. ಮುಂದಿನದನ್ನು ಕೇಳಿ ಮೈ ಉರಿಯಿತು. ಕೊನೆಯ ತರಗತಿಯವರಿಗೆ ದೊಡ್ಡ ಪರೀಕ್ಷೆ ಇದೆ. ಪಾಸಾದರೆ ಹೈಸ್ಕೂಲು, ಇಲ್ಲದಿದ್ದರೆ ಕೂಲಿ. ಹೋದ ವರ್ಷ ಒಬ್ಬ ಚುರುಕು ಹುಡುಗಿ ಭಿನ್ನರಾಶಿ ಕೂಡಿಸಲು ಬಾರದೆ ಫೇಲಾದಳು. ಈಗ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಾಳೆ. ಈ ವರ್ಷದವರೂ ಆ ಪಾಠದ ಹತ್ತಿರ ಇನ್ನೂ ಬಂದಿಲ್ಲ.

ಮೂರು ವಾರದಲ್ಲಿ ಮುಳುಗಿಹೋಗುವುದೇನಿದೆ, ನಾನು ಮಾಡುವುದು ಪುಕ್ಕಟೆ ಸೇವೆ ತಾನೇ ಎಂದು ಇವರದು ಒಂದೇ ರಾಗ. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಪುಕ್ಕಟೆ ನಿಮ್ಮ ಪಾಲಿಗೆ, ರೀ. ಅದರ ಬೆಲೆ ಆ ಮಕ್ಕಳು ಪರೀಕ್ಷೇಲಿ ಕಟ್ತಾರೆ."

ನಮ್ಮಣ್ಣನ ಮಗಳು ಅಲ್ಲಿನ ಟೀಚರ್‌ಗೆ ಫೋನ್ ಹಚ್ಚಿದಳು. ಆಯಮ್ಮ ಮೊದಲು ಅತಿಥಿಗಳೆಲ್ಲ ಬಹಳ ಒಳ್ಳೆಯವರು ಎಂದು ಹೊಗಳಿದರು. ಇವರು ಬಿಡಲಿಲ್ಲ. ನಾನು ಬರುವುದು ಬೇಕೋ ಬೇಡವೋ, ನೇರವಾಗಿ ಹೇಳಲಿ ಎಂದರು. ಆಗ ಆಯಮ್ಮ ಹೊಗಳಿಕೆ ಬಿಟ್ಟರು. ಆಮೇಲೆ ಬಂದ ಉತ್ತರವನ್ನು ನಮ್ಮಣ್ಣನ ಮಗಳು ಇದ್ದದ್ದು ಇದ್ದ ಹಾಗೆ ನಮಗೆ ಹೇಳಿದಳು.

"ತರಗತಿ ನಾನೇ ತಗೋತೀನಿ. ಹಿಂದೆ ಬಿದ್ದ ಮಕ್ಕಳ ಜೊತೆ ಮಧ್ಯಾಹ್ನ ಕೂತು, ನಾನು ಕೊಟ್ಟಿದ್ದನ್ನ ಮಾಡಿಸಬೇಕು. ಪರೀಕ್ಷೆ ಮುಗಿಯೋವರೆಗೂ ಇರಬೇಕು. ಆಗುತ್ತೆ ಅಂದ್ರೆ ಬರಲಿ. ಆಗಲ್ಲ ಅಂದ್ರೆ ದಯವಿಟ್ಟು ಬೇಡ."

ಇವರ ಮುಖ ಸಣ್ಣಗಾಯಿತು. ಹಿಂದಿನ ಬೆಂಚು ಇವರಿಗೆ ಗೊತ್ತೇ ಇರದ ಜಾಗ. ಶಾಲಾ ಇನ್ಸ್‌ಪೆಕ್ಟರ್ ಬಂದು ನನ್ನ ಪಾಠ ನಿಲ್ಲಿಸಿದ ದಿನ ನಾನೂ ಮನೆಗೆ ಬಂದು ಹಾರಾಡುತ್ತಿದ್ದೆನಲ್ಲ ಎಂದರು. ಆಮೇಲೆ ಯಾವ ಪಾಠ ಬಾಕಿ ಎಂದು ತಾವೇ ಕೇಳಿ ತಿಳಿದುಕೊಂಡು, ವಾಪಸು ಟಿಕೆಟ್ಟಿನ ತಾರೀಖು ಬದಲಿಸಿದರು. ಪರೀಕ್ಷೆಯ ತನಕ ಇರುವುದಾದರೆ ಹೋಗಿ ಬನ್ನಿ ಎಂದು ನಾನೂ ಒಪ್ಪಿದೆ.

ನಮ್ಮಣ್ಣನ ಮಗಳಿಂದ ಪಾಠಕ್ಕೆ ಬೇಕಾದಷ್ಟು ಅಲ್ಲಿನ ಮಾತು ಕಲಿತು ಹೋದವರು ಈಗ ಅಲ್ಲೇ ಇದ್ದಾರೆ. ನಿಮ್ಮ ವೇಗ ಜಾಸ್ತಿಯಾಯಿತು ಎಂದು ಟೀಚರ್ ಗದರಿದರು ಅಂತ ಫೋನಿನಲ್ಲಿ ದೂರು. ನಾನೇನೂ ಅಯ್ಯೋ ಪಾಪ ಅನ್ನಲಿಲ್ಲ. ಮೊನ್ನೆ ಮಾತ್ರ ಅವರ ಧ್ವನಿ ಬೇರೆಯಾಗಿತ್ತು. ಮಧ್ಯಾಹ್ನ ಭಿನ್ನರಾಶಿ ಕೂಡಿಸುವುದನ್ನು ವಿವರಿಸಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, "ನನಗೆ ಅರ್ಥ ಆಗಲಿಲ್ಲ, ಮತ್ತೆ ಹೇಳಿಕೊಡಿ" ಎಂದಳಂತೆ. ಅಲ್ಲಿಗೆ ನಮ್ಮವರು ಅತಿಥಿಯಲ್ಲ, ಮೇಷ್ಟ್ರಾದರು.

ಓದುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಿಂದಲೂ ಯಾರಾದರೂ ಹೀಗೆ ಪಾಠ ಹೇಳಲು ಹೊರಟಿದ್ದರೆ, ಚೀಲ ಕಟ್ಟುವ ಮೊದಲು ಅಲ್ಲಿನ ಟೀಚರನ್ನು ಕೇಳಲಿ. ಬೇಡ ಎಂದರೆ ಮುನಿಸಿಕೊಳ್ಳದೆ ಮನೆಯಲ್ಲಿರಲಿ. ಬೇಕು ಎಂದರೆ ಅವರು ಹೇಳಿದ ಕೆಲಸವನ್ನು ಅವರು ಹೇಳಿದಷ್ಟು ದಿನ ಮಾಡಲಿ. ಮೂರೇ ವಾರ ಬಿಡುವಿದ್ದರೆ ಧಾರಾಳವಾಗಿ ಊರು ಸುತ್ತಿ ಬರಲಿ, ಯಾರೂ ಬೇಡ ಅನ್ನುವುದಿಲ್ಲ. ಮಕ್ಕಳ ತರಗತಿಯ ಬಾಗಿಲು ಮಾತ್ರ ತಟ್ಟದಿರಲಿ.