ಯಾರೂ ನೋಡದ ಕಿವಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆಲ್ಲ ಹಾಲೇಶ್ ಆರು ಹೆಸರು ಮುಗಿಸಿದ್ದ. ಬಾಗಿಲಿಗೆ ಇನ್ನೂ ಒಬ್ಬ ರೋಗಿಯೂ ಬಂದಿರಲಿಲ್ಲ.

ಪಾವಗಡ ಸೀಮೆಯ ಕರೆಗುಂಡ್ಲಹಟ್ಟಿಯ ಉಪಕೇಂದ್ರದಲ್ಲಿ ಅವನು ಆರೋಗ್ಯಾಧಿಕಾರಿ. ಡಾಕ್ಟರಲ್ಲ, ನರ್ಸಿಂಗ್ ಓದಿ ಬಂದವನು. ಬಂದವರನ್ನು ಟ್ಯಾಬ್ ಮುಂದೆ ಕೂರಿಸಿ, ದೂರದ ಊರಿನ ಡಾಕ್ಟರಿಗೆ ವಿಡಿಯೊದಲ್ಲಿ ತೋರಿಸಿ, ಅವರು ಹೇಳಿದ ಔಷಧಿ ಕೊಡುವುದು ಅವನ ಕೆಲಸ. ದಿನಕ್ಕೆ ಹತ್ತು ಜನರನ್ನು ತೋರಿಸಲೇಬೇಕೆಂದು ಮೇಲಿನಿಂದ ಗುರಿ ಕೊಟ್ಟಿದ್ದರು. ಹತ್ತು ಜನ ಬಾರದ ದಿನ ಹಾಲೇಶ್ ಹಳೆಯ ಹೆಸರುಗಳನ್ನೇ ಹಾಕುತ್ತಿದ್ದ. ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಮಂಡಿನೋವು. ಆ ಕಡೆಯ ಡಾಕ್ಟರೂ ಮುಖ ನೋಡದೆ ಒಂದು ಮಾತ್ರೆ ಬರೆದು ಮುಗಿಸುತ್ತಿದ್ದರು. ಅವರಿಗೂ ಒಂದು ಗುರಿ ಇತ್ತು.

ಏಳನೆಯದಾಗಿ ನಿಜವಾದ ರೋಗಿಯೇ ಬಂದಳು. ಚಿಕ್ಕಹನುಮಕ್ಕ ಮೊಮ್ಮಗಳು ಅನುಷಾಳ ಕೈಹಿಡಿದು ಒಳಗೆ ಬಂದಳು. ಏಳು ವರ್ಷದ ಹುಡುಗಿ. ಬಲಗಿವಿಯಲ್ಲಿ ಹತ್ತಿ ತುರುಕಿತ್ತು, ಅದರ ಅಂಚು ಹಳದಿಯಾಗಿತ್ತು. ಹತ್ತಿರ ಬಂದರೆ ವಾಸನೆ.

"ಇದು ಮೂರ್ನೇ ಸಲ ಬತ್ತಿರೋದು ಸ್ವಾಮಿ. ಸೋರೋದು ನಿಂತೇ ಇಲ್ಲ. ರಾತ್ರಿಯೆಲ್ಲ ಕಿವಿ ಹಿಡ್ಕಂಡು ಅಳ್ತದೆ."

ಮಕ್ಕಳ ಕಿವಿ, ಮೂಗು, ಗಂಟಲು ನೋಡಲೆಂದು ಒಂದು ಪುಟ್ಟ ಕ್ಯಾಮೆರಾ ಕೇಂದ್ರಕ್ಕೆ ಬಂದಿತ್ತು. ಅದನ್ನು ಕಿವಿಯೊಳಗೆ ಇಟ್ಟರೆ ತುಮಕೂರಿನಲ್ಲಿ ಕೂತ ತಜ್ಞರಿಗೆ ಒಳಗಿನ ಕಿವಿತಮಟೆಯವರೆಗೂ ಕಾಣುತ್ತಿತ್ತು. ಆದರೆ ಮೊದಲು ಕೀವು ಒರೆಸಬೇಕು, ಅಳುವ ಮಗುವನ್ನು ಹಿಡಿಯಬೇಕು, ತಜ್ಞರು ಸಿಗುವವರೆಗೆ ಕಾಯಬೇಕು. ಒಂದು ಮಗುವಿಗೆ ಅರ್ಧ ಗಂಟೆ. ಅಷ್ಟರಲ್ಲಿ ಮೂರು ಹೆಸರು ಮುಗಿಯುತ್ತಿದ್ದವು.

ಹಾಲೇಶ್ ಅನುಷಾಳ ಹೆಸರು ಒತ್ತಿದ. 'ಕಿವಿ ಪರೀಕ್ಷಿಸಲಾಗಿದೆ, ತಜ್ಞರಿಗೆ ತೋರಿಸಲಾಗಿದೆ' ಎಂದು ಬರೆದ. ಹಿಂದಿನ ಎರಡು ಸಲವೂ ಅದನ್ನೇ ಬರೆದಿದ್ದ. ಹನಿ ಔಷಧಿಯ ಬಾಟಲಿ ಮುದುಕಿಯ ಕೈಗಿಟ್ಟ.

"ಕಿವಿ ನೋಡ್ಲೇ ಇಲ್ವಲ್ಲ ಸ್ವಾಮಿ?"

"ದೊಡ್ಡ ಡಾಕ್ಟ್ರು ನೋಡಿದ್ದಾರೆ ಅಜ್ಜಿ. ಇದ್ರಲ್ಲೇ ಎಲ್ಲಾ ಕಾಣುತ್ತೆ. ಏನೂ ಭಯ ಇಲ್ಲ ಅಂದ್ರು."

ಮುದುಕಿ ಟ್ಯಾಬಿಗೂ ಒಮ್ಮೆ ಕೈಮುಗಿದು ಹೊರಟಳು.

ಇಪ್ಪತ್ತು ದಿನಕ್ಕೆ ಅನುಷಾಳಿಗೆ ಜ್ವರ ಏರಿತು. ಕಿವಿಯ ಹಿಂಭಾಗ ನಿಂಬೆಹಣ್ಣಿನಷ್ಟು ಊದಿತು. ಸೋಲಾರ್ ಪಾರ್ಕಿನಲ್ಲಿ ಫಲಕ ತೊಳೆಯುವ ಅವಳ ಅಪ್ಪ ಭೀಮರಾಜು ಕೆಲಸ ಬಿಟ್ಟು ಓಡಿಬಂದು, ಮಗಳನ್ನು ತುಮಕೂರಿಗೆ ಕರೆದುಕೊಂಡು ಹೋದ. ಕೀವು ಮೂಳೆಗೆ ಇಳಿದಿತ್ತು. ಆಪರೇಷನ್ ಆಯಿತು. ಮಗು ಉಳಿಯಿತು, ಬಲಗಿವಿ ಉಳಿಯಲಿಲ್ಲ.

ಹತ್ತು ದಿನದ ಮೇಲೆ ಭೀಮರಾಜು ಒಂದು ಕಾಗದ ಹಿಡಿದು ಉಪಕೇಂದ್ರಕ್ಕೆ ಬಂದ. ಕೂರಲಿಲ್ಲ.

"ತುಮಕೂರಲ್ಲಿ ಡಾಕ್ಟರಮ್ಮ ಕಂಪ್ಯೂಟರಿಂದ ಇದನ್ನ ತೆಗೆದು ತೋರಿಸಿದ್ರು ಸಾ. ಮೂರು ಸಲ ತಜ್ಞರಿಗೆ ತೋರಿಸವ್ರೆ ಅಂತ ಬರ್ದದೆ. ಯಾವ ತಜ್ಞ, ಹೆಸರೇನು ಅಂತ ಕೇಳಿದ್ರು. ನನಗೆ ಗೊತ್ತಿರ್ಲಿಲ್ಲ. ನೀವು ಹೇಳಿ."

ಹಾಲೇಶ್ ಕಾಗದಕ್ಕೆ ಕೈ ಚಾಚಲಿಲ್ಲ. "ಐದು ಊರಿಗೆ ನಾನೊಬ್ನೇ, ಭೀಮರಾಜು. ನೆಟ್‌ವರ್ಕ್ ನಿಲ್ಲಲ್ಲ. ಗುರಿ ಮುಟ್ಟದಿದ್ರೆ ನೋಟಿಸ್ ಕೊಡ್ತಾರೆ. ಒಂದೊಂದು ಮಗೂಗೂ ಅರ್ಧ ಗಂಟೆ ಅಂದ್ರೆ..."

"ಆಗಲ್ಲ ಅಂದ್ಬುಟ್ಟಿದ್ರೆ ಸಾಕಿತ್ತಲ್ಲ ಸಾ!" ಭೀಮರಾಜುವಿನ ದನಿ ಒಡೆಯಿತು. "ನಾನೇ ಹೆಗಲ ಮ್ಯಾಲೆ ಹೊತ್ಕಂಡು ಹೋಗ್ತಿದ್ದೆ. ತುಮಕೂರಿಗೆ ಹೋಗಾನ ಕಣ್ಲಾ ಅಂತ ಅವ್ವ ಬಡ್ಕಂತಾನೇ ಇದ್ಲು. ನಾನೇ ತಡೆದೆ. ದೊಡ್ಡ ಡಾಕ್ಟ್ರು ನೋಡವ್ರಲ್ಲ, ಸುಮ್ಕಿರವ್ವ ಅಂದೆ. ನಿಮ್ಮ ಮಾತು ನಂಬ್ಕಂಡು ಮಗೀನ ಮನೇಲಿ ಇಟ್ಕಂಡೆ."

ಭೀಮರಾಜು ಕಾಗದ ಹಿಡಿದೇ ಹೊರಟುಹೋದ.

ಎರಡು ದಿನ ಹಾಲೇಶನಿಗೆ ಊಟ ಸೇರಲಿಲ್ಲ. ಮೂರನೆಯ ದಿನ ಒಂದು ಪತ್ರ ಬರೆದು ಮೇಲ್ವಿಚಾರಕ ವೃಷಭೇಂದ್ರಪ್ಪನ ಮುಂದಿಟ್ಟ. ಅನುಷಾಳ ಹೆಸರಿನ ಮೂರು ದಾಖಲೆಯೂ ಸುಳ್ಳು, ಯಾವ ತಜ್ಞರಿಗೂ ತೋರಿಸಿಲ್ಲ, ತಾನೂ ಕಿವಿ ನೋಡಿಲ್ಲ ಎಂದು ಅದರಲ್ಲಿತ್ತು.

ವೃಷಭೇಂದ್ರಪ್ಪ ಓದಿ ಕನ್ನಡಕ ತೆಗೆದರು. "ತಲೆ ಕೆಟ್ಟಿದೆಯೇನ್ರೀ? ಇದೊಂದು ಹೊರಗೆ ಹೋದ್ರೆ ಎಲ್ಲರದ್ದೂ ಕೆದಕ್ತಾರೆ. ಮಗು ಬದುಕಿದೆ ತಾನೇ? ಈ ವಿಡಿಯೊದಿಂದ ಒಳ್ಳೇದೂ ಆಗಿದೆ ಕಣ್ರೀ. ಬಿಪಿ, ಸಕ್ಕರೆ ಕಾಯಿಲೆಯ ಮುದುಕರು ಬಸ್ಸು ಹತ್ತೋದು ತಪ್ಪಿದೆ. ಜನಕ್ಕೆ ವಿಡಿಯೊ ಮೇಲಿನ ನಂಬಿಕೆಯೇ ಹೋದ್ರೆ ಯಾರಿಗೆ ಲಾಭ?"

"ನಂಬಿಕೆ ಇದ್ದದ್ದಕ್ಕೇ ಸಾರ್ ಆ ಮಗು ಮನೇಲಿ ಉಳಿದದ್ದು," ಎಂದ ಹಾಲೇಶ್. "ಸ್ವೀಕರಿಸಿದೆ ಅಂತ ಸೀಲ್ ಹಾಕಿಕೊಡಿ."

ಸೀಲ್ ಬಿದ್ದ ಪ್ರತಿಯನ್ನು ಹಿಡಿದು ಸಂಜೆ ಭೀಮರಾಜುವಿನ ಮನೆಗೆ ಹೋದ. ಅನುಷಾ ಜಗಲಿಯ ಮೇಲೆ ಹುಣಸೆ ಬೀಜ ಆಡುತ್ತ ಕೂತಿದ್ದಳು. ತಲೆಗೆ ಬಿಳಿ ಪಟ್ಟಿ. ಹಾಲೇಶ್ ಪಕ್ಕದಲ್ಲಿ ನಿಂತು ಹೆಸರು ಹಿಡಿದು ಕರೆದ. ಅವಳು ಬೀಜ ಎಣಿಸುತ್ತಲೇ ಇದ್ದಳು.

"ಎಡಕ್ಕೆ ಬಂದು ಕೂಗು," ಎಂದಳು ಹೊಸಿಲಲ್ಲಿ ಕೂತಿದ್ದ ಚಿಕ್ಕಹನುಮಕ್ಕ. ಈ ಸಲ ಸ್ವಾಮಿ ಅನ್ನಲಿಲ್ಲ. "ಬಲಕ್ಕೆ ನಿಂತ್ರೆ ಕೇಳಲ್ಲ."

ಹಾಲೇಶ್ ಎಡಕ್ಕೆ ಹೋಗಲಿಲ್ಲ. ಒಳಗಿನಿಂದ ಬಂದ ಭೀಮರಾಜುವಿಗೆ ಕಾಗದ ಕೊಟ್ಟ. "ನಾನು ಸುಳ್ಳು ಬರೆದೆ ಅಂತ ನಾನೇ ಬರೆದಿದ್ದೀನಿ. ಆಫೀಸಲ್ಲಿ ಇರೋದನ್ನ ಹರಿದು ಹಾಕಿದ್ರೂ ಇದು ನಿಮ್ಮ ಹತ್ರ ಇರಲಿ. ಎಲ್ಲಿಗೆ ಬೇಕಾದ್ರೂ ಕೊಡಿ."

"ಇದರಿಂದ ನನ್ನ ಮಗಳಿಗೆ ಕಿವಿ ಬತ್ತದಾ?"

"ಇಲ್ಲ."

ಭೀಮರಾಜು ಕಾಗದ ಮಡಿಚಿ ಜೇಬಿಗಿಟ್ಟುಕೊಂಡ. ಕೂತ್ಕೊ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ.

ವಾರದೊಳಗೆ ಹಾಲೇಶನಿಗೆ ನೋಟಿಸ್ ಬಂತು. ವಿಚಾರಣೆ ಮುಗಿಯುವವರೆಗೆ ಅದೇ ಕೇಂದ್ರದಲ್ಲಿ ಇರಬೇಕೆಂದಾಯಿತು. ಸುದ್ದಿ ಊರೆಲ್ಲ ಹಬ್ಬಿ ಜನ ಬರುವುದು ನಿಂತಿತು. ಸುಳ್ಳು ಹೆಸರು ಹಾಕುವುದನ್ನು ಅವನೂ ಬಿಟ್ಟಿದ್ದ. ದಿನದ ಲೆಕ್ಕದಲ್ಲಿ ಒಂದು, ಎರಡು, ಕೆಲವು ದಿನ ಸೊನ್ನೆ. ಸಹೋದ್ಯೋಗಿಗಳು ಫೋನು ಎತ್ತುತ್ತಿರಲಿಲ್ಲ.

ಒಂದು ಗುರುವಾರ ಭೀಮರಾಜುವಿನ ಓಣಿಯ ಸಣ್ಣಕ್ಕ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಳು. ಮಗುವಿನ ಕಿವಿಯಿಂದ ಕೀವು ಇಳಿದು ಕೆನ್ನೆಯ ಮೇಲೆ ಒಣಗಿತ್ತು. ಒಳಗೆ ಬಂದವಳು ಹಾಲೇಶನ ಮುಖ ನೋಡಲಿಲ್ಲ.

"ಭೀಮರಾಜಣ್ಣ ಕಳಿಸ್ತು. ಕಿವಿ ನೋಡೋ ಮಿಷಿನ್ನು ಅಲ್ಲಿ ಅದೆ, ಹೋಗು ಅಂತು." ಒಂದು ಗಳಿಗೆ ತಡೆದು, ಉಳಿದದ್ದನ್ನೂ ಹೇಳಿದಳು. "ಅವನ ಮಾತು ನಂಬಬ್ಯಾಡ, ಮುಂದೆ ನಿಂತು ನಿನ್ನ ಕಣ್ಣಾರೆ ನೋಡ್ಕಂಡು ಬಾ ಅಂತಲೂ ಅಂತು."

"ಸರಿಯಾಗೇ ಹೇಳಿದ್ದಾರೆ," ಎಂದ ಹಾಲೇಶ್. ಕೈ ತೊಳೆದುಕೊಂಡು ಬಂದು, ಟ್ಯಾಬಿನ ಪರದೆಯನ್ನು ಅವಳ ಕಡೆಗೆ ತಿರುಗಿಸಿಟ್ಟ. "ಇಲ್ಲಿ ನಿಂತ್ಕೊಳಿ ಅಕ್ಕ. ಡಾಕ್ಟ್ರು ಸಿಗೋದು ತಡ ಆಗಬಹುದು. ಅವರು ನೋಡಿ, ನಿಮ್ಮ ಹತ್ರ ಅವರೇ ಮಾತಾಡೋವರೆಗೂ ಹೋಗಬೇಡಿ."