ಅಬಿದಾಳ ಆರು ತಾಸಿನ ಈಜು

ನಾಲತವಾಡದ ಕಡೆಯ ಹಿನ್ನೀರಿನಲ್ಲಿ ಮೀನು ಹಿಡಿಯುವ ಕಾಸಿಂಸಾಬರಿಗೆ ಆ ವಾರ ಹಿರಿಮಗಳು ಅಬಿದಾಳದೇ ಚಿಂತೆ. ಶಾಲೆಯಲ್ಲಿ ಕಲಿಸುವ ಹುಡುಗಿ, ಹನ್ನೆರಡು ಕಿಲೋಮೀಟರ್ ಈಜುತ್ತೇನೆಂದು ಎಷ್ಟು ಕೊಡುತ್ತೀರೆಂದು ಬರೆದುಕೊಡುವ ಚೀಟಿಯನ್ನು ಊರೆಲ್ಲ ಹಂಚಿದ್ದಳು. ಈಜು ಮುಗಿಸಿದರೆ ಜನ ಕೊಡುವ ಹಣ ಮಕ್ಕಳ ಸಕ್ಕರೆ ಕಾಯಿಲೆಯ ಸಂಶೋಧನೆಗೆ. ಪಕ್ಕದಲ್ಲಿ ಹರಿಗೋಲು ಇಲ್ಲದೆ ಈಜಲು ಅಪ್ಪಣೆಯಿಲ್ಲ. ಹರಿಗೋಲು ಇದ್ದದ್ದು ಅಪ್ಪನ ಹತ್ತಿರ.

“ಮೀನು ಹಿಡಿಯೋನ ಮಗಳು ಈಜಿದ್ರ ಯಾರು ರೊಕ್ಕ ಕೊಡ್ತಾರ? ಬಾತುಕೋಳಿಗೆ ಯಾರರ ಕೊಟ್ಟಾರೇನು?”

“ಬಾತುಕೋಳಿ ಚೀಟಿ ಹಂಚಂಗಿಲ್ಲಲ್ಲ, ಅಬ್ಬಾ.”

ಕಿರಿಮಗಳು ನಿಷತಳಿಗೆ ಆರನೇ ವಯಸ್ಸಿನಿಂದ ಅದೇ ಕಾಯಿಲೆ. ದಿನಕ್ಕೆ ನಾಲ್ಕು ಸೂಜಿ. ಅವಳನ್ನು ನೋಡಲು ಬಂದ ನರ್ಸ್ ಮಂಜರಿಯ ಮುಂದೆ ಕಾಸಿಂಸಾಬರು ಮನಸ್ಸು ಬಿಚ್ಚಿದರು.

“ಆ ರೊಕ್ಕ ಇಕಿ ಸೂಜಿಗಿ ಆಗಿದ್ರ ಒಂದು ಮಾತು. ಎಲ್ಲೋ ಕುಂತು ಔಷಧ ಹುಡುಕೋರಿಗೆ ಯಾಕ್ರಿ, ಸಿಸ್ಟರ್?”

ಮಂಜರಿ ಇನ್ಸುಲಿನ್ ಸೀಸೆಯನ್ನು ಅವರ ಅಂಗೈಯಲ್ಲಿಟ್ಟಳು. “ಕಾಕಾ, ನಿಮ್ಮ ಮುತ್ಯಾ ಸಣ್ಣಾವಿದ್ದಾಗ ಇದು ಇರಲಿಲ್ರಿ. ಈ ಬ್ಯಾನಿ ಬಂದ ಕೂಸು ಬಾಳ ದಿನ ಉಳೀತಿರಲಿಲ್ಲ. ಇದನ್ನೂ ಎಲ್ಲೋ ಕುಂತವರ ಹುಡುಕಿದ್ದು. ಅವರಿಗಿ ನಿಷತಳ ಹೆಸರು ಗೊತ್ತಿತ್ತೇನು?”

ಕಾಸಿಂಸಾಬರು ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಈಜಿನ ದಿನ, ಐತವಾರ ನಸುಕಿನಲ್ಲಿ, ಹರಿಗೋಲನ್ನು ನೀರಿಗಿಳಿಸಿದರು. ಮಂಜರಿಯೂ ಹತ್ತಿ ಕುಳಿತಳು.

ನಾಲ್ಕು ತಾಸಿಗೆ ಅಬಿದಾಳ ಕೈಗಳು ನಿಧಾನವಾದವು. ಮುಳುಗುವವರಿಗೆ ಹುಟ್ಟು ಚಾಚಿಯೇ ರೂಢಿಯಾದ ಕಾಸಿಂಸಾಬರು ಯೋಚಿಸದೆ ಅದನ್ನು ಚಾಚಿಬಿಟ್ಟರು.

“ಕಾಕಾ, ಆಕಿ ಅದನ್ನ ಮುಟ್ಟಿದ್ರ ಈಜು ಅಲ್ಲಿಗೇ ಮುಗೀತು,” ಎಂದಳು ಮಂಜರಿ.

“ಮುಗದ್ರ ಮುಗೀಲಿ. ಸಾಕಾಗಿದ್ರ ಹಿಡಕೋ, ಬೇಟಿ.”

“ಇನ್ನಾ ಸಾಕಾಗಿಲ್ಲ, ಅಬ್ಬಾ. ನೀರಿನ ಬಾಟಲಿ ಒಗೀರಿ.”

ಅವರು ಬಾಟಲಿ ಎಸೆದರು. ಹುಟ್ಟನ್ನು ಹಿಂದೆಳೆದುಕೊಂಡು, ಅವಳ ಕೈಗೆ ಎಟುಕದಷ್ಟೇ ದೂರದಲ್ಲಿ ಹರಿಗೋಲು ನಡೆಸಿದರು. ಅವರ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

ಆರು ತಾಸಿಗೆ ಅಬಿದಾ ದಡ ಹತ್ತಿದಳು. ನಿಷತ ಟವೆಲು ಹಿಡಿದು ಓಡಿ ಬಂದಳು. ದಡದಲ್ಲಿ ನೆರೆದ ಊರವರ ಗುಂಪಿನಲ್ಲಿದ್ದ ಜೈನುದ್ದೀನ ಕೇಳಿದ, “ಇದರಿಂದ ನಿನ್ನ ಸಣ್ಣ ಮಗಳಿಗಿ ಆರಾಮ ಆಕ್ಕೈತೇನೋ?”

“ಆದ್ರೂ ಆದೀತು, ಇಲ್ಲಂದ್ರ ಇಲ್ಲ,” ಎಂದರು ಕಾಸಿಂಸಾಬರು. “ಇನ್ನಾ ಹುಟ್ಟಬೇಕಾದ ಕೂಸು ಒಂದೈತಿ, ಯಾರ ಮನ್ಯಾಗೋ. ಅದಕ್ಕ ಆಕ್ಕೈತಿ. ನಿನ್ನ ಚೀಟಿ ಎಲ್ಲಿ?”

ಓದುವ ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಎಲ್ಲರೂ ಈಜಬೇಕಿಲ್ಲ. ನಿಮ್ಮ ಸಂಘದ ಸಭೆಯಲ್ಲಿ ಈ ಮಾತು ತೆಗೆಯಿರಿ. ಸಂಶೋಧನೆಗೆ ಹಣ ಕೂಡಿಸುವುದು ನೋಂದಾಯಿತ ಸಂಸ್ಥೆಯೇ ಎಂದು ವಿಚಾರಿಸಿ, ಕೈಲಾದಷ್ಟು ಕೊಟ್ಟು, ರಸೀದಿ ಕೇಳಿ ಪಡೆಯಿರಿ. ಇಂದು ನಿಮ್ಮ ಮನೆಯಲ್ಲಿರುವ ಔಷಧವೂ ನಿಮ್ಮ ಗುರುತಿಲ್ಲದ ಯಾರೋ ನಡೆಸಿದ ಹುಡುಕಾಟದಿಂದಲೇ ಬಂದದ್ದು.