ಹಿಂದಕ್ಕೆ ತಳ್ಳಿದ ಸೀಟು

ಅವಳು ಓಡಿಸುವಾಗ ಮಾತ್ರ ಆ ಹಳೇ ಕಾರು, ಅದೂ ತನಗೆ ಮನಸ್ಸು ಬಂದಾಗ, ನಡುರಸ್ತೆಯಲ್ಲಿ ಸತ್ತುಹೋಗುತ್ತಿತ್ತು. ಗಂಡ ಕೂತರೆ ಪಳಗಿದ ಎತ್ತಿನಂತೆ ಓಡುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಎಷ್ಟು ಸುತ್ತು ಹೊಡೆದರೂ ಅಷ್ಟೇ, ಒಂದು ಕೆಮ್ಮೂ ಇಲ್ಲ.

"ಇವತ್ತೂ ಏನೂ ಸಿಗದಿದ್ರೆ ಬೀಗದಕೈ ನನ್ನ ಜೇಬಿಗೆ," ಎಂದಿದ್ದ ಗಂಡ. ಕಾರಿಲ್ಲದಿದ್ದರೆ ಅವಳಿಗೆ ಊರಾಚೆಯ ಲ್ಯಾಬಿನ ಕೆಲಸವೂ ಇಲ್ಲ. ಆ ಕೆಲಸ ಮೊದಲಿನಿಂದಲೂ ಅವನಿಗೆ ಕಣ್ಣುಕಿಸುರು.

ಮೇಸ್ತ್ರಿ ಬ್ಯಾಟರಿ ನೋಡಿದ, ಫ್ಯೂಸು ನೋಡಿದ, ಇಂಜಿನ್ ಓಡುತ್ತಿರುವಾಗಲೇ ವೈರುಗಳನ್ನೆಲ್ಲ ಹಿಡಿದು ಅಲ್ಲಾಡಿಸಿದ. "ಅಕ್ಕ, ಕಾರಿಗೇನೂ ಆಗಿಲ್ಲ."

"ಕಾರಿಗಲ್ಲ ಮೇಸ್ತ್ರಿ, ಇವಳ ತಲೆ ವೈರಿಂಗ್ ನೋಡು," ಎಂದ ಗಂಡ. ಇಬ್ಬರೂ ನಕ್ಕರು. ರೂಢಿಯಂತೆ ಅವಳೂ ನಕ್ಕಳು. ಈಚೆಗೆ ಅವಳೇ ನಂಬತೊಡಗಿದ್ದಳು, ತನ್ನ ಕಾಲ್ಗುಣವೇ ಸರಿಯಿಲ್ಲವೇನೋ ಎಂದು.

ಮೇಸ್ತ್ರಿ ಇನ್ನೊಂದು ಸುತ್ತಿಗೆ ಹೊರಟ. ಹೊಟ್ಟೆ ಹಿಡಿಸಲೆಂದು ಸೀಟನ್ನು ಕರಕರನೆ ಹಿಂದಕ್ಕೆ ತಳ್ಳಿದ. ಗಂಡನೂ ಹೀಗೇ ತಳ್ಳುತ್ತಾನೆ. ಅವಳು ಗಿಡ್ಡಿ, ಸ್ಟೇರಿಂಗಿಗೆ ಅಂಟಿಕೊಂಡೇ ಕೂರಬೇಕು.

"ತಳ್ಳಬೇಡಿ! ನಾನು ಕೂರೋ ಹಾಗೇ ಕೂತು ಓಡಿಸಿ."

"ನಾನೇನು ಸರ್ಕಸ್ಸಿನವನಾ ಅಕ್ಕ?" ಎನ್ನುತ್ತಲೇ ಮೇಸ್ತ್ರಿ ಸೀಟನ್ನು ಮತ್ತೆ ಮುಂದಕ್ಕೆಳೆದು, ಮಂಡಿಯನ್ನು ಗದ್ದಕ್ಕೆ ತಂದುಕೊಂಡು ತೂರಿಕೊಂಡ. ರಸ್ತೆಯುಬ್ಬು ಹತ್ತಿಳಿಯುವಷ್ಟರಲ್ಲಿ ಕಾರು ಗಪ್ಪಾಯಿತು.

ಸೀಟಿನಡಿ ಟಾರ್ಚು ಬಿಟ್ಟರೆ, ಇಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಪಂಪಿನ ವೈರು ಒಳಗೊಳಗೇ ತುಂಡಾಗಿತ್ತು. ಸೀಟು ಮುಂದೆ ಬಂದಾಗ ಅದರ ಹಳಿ ವೈರನ್ನು ಎಳೆಯುತ್ತಿತ್ತು, ಕಾರು ಕುಲುಕಿದರೆ ತುಂಡುಗಳು ಬಿಟ್ಟುಕೊಳ್ಳುತ್ತಿದ್ದವು. ಹಿಂದೆ ಹೋದಾಗ ತುಂಡುಗಳು ಕೂಡಿಕೊಳ್ಳುತ್ತಿದ್ದವು.

"ಅಕ್ಕ ಹೇಳಿದ್ದೇ ನಿಜ ಸಾರ್. ಹೊಸ ವೈರು ಹಾಕಿದ್ರೆ ಆಯ್ತು, ಚಿಟಿಕೆ ಹೊಡೆಯೋದ್ರೊಳಗೆ."

ಅವಳು ಗಂಡನ ಮುಖ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು.

ಅವನು ಬಗ್ಗಿಯೂ ನೋಡಲಿಲ್ಲ. "ವೈರು ಯಾಕೆ ಮುಟ್ತೀಯ? ಸೀಟು ಹಿಂದಕ್ಕೆ ತಳ್ಳಿ ಬೋಲ್ಟ್ ಬಿಗಿದುಬಿಡು. ಮುಂದೆ ಬಂದ್ರೆ ತಾನೇ ರಗಳೆ?"

"ಆದ್ರೆ ಸಾರ್, ಅಕ್ಕಂಗೆ..."

"ಕಾರು ಯಾರದು?"

ಮೇಸ್ತ್ರಿ ಅವಳ ಕಡೆ ಒಮ್ಮೆ ನೋಡಿ ಸ್ಪ್ಯಾನರ್ ಎತ್ತಿಕೊಂಡ.

ಬಿಗಿದಾದ ಮೇಲೆ ಗಂಡ ತಾನೇ ಬಾಗಿಲು ತೆರೆದು ಹಿಡಿದ, ಬೀಗದಕೈಯನ್ನು ಅವಳ ಅಂಗೈಯಲ್ಲಿಟ್ಟ. "ತಗೋ ಮಹಾರಾಯ್ತಿ, ನೀನೇ ಗೆದ್ದೆ. ಓಡಿಸು."

ಪಕ್ಕದ ಟೈರು ಅಂಗಡಿಯವನೂ ಬಂದು ನಿಂತ. ಅವಳು ಹತ್ತಿ ಕೂತಳು. ಕಾಲು ಚಾಚಿದಳು, ಸೀಟಿನ ತುದಿಗೆ ಜಾರಿ ಇನ್ನೂ ಚಾಚಿದಳು. ಬ್ರೇಕು ಹೆಬ್ಬೆರಳಿಗೆ ತಾಗಿಯೂ ತಾಗದಂತೆ ಆಚೆಯಿತ್ತು. ಎಲ್ಲರೂ ನೋಡುತ್ತಿದ್ದರಲ್ಲ, ಬೀಗದಕೈ ತಿರುಗಿಸಿದಳು.

ಇಂಜಿನ್ ಒಂದೇ ಏಟಿಗೆ ಎದ್ದಿತು. ಒಮ್ಮೆಯೂ ತಡವರಿಸಲಿಲ್ಲ, ಕಾರು ನಿಂತಲ್ಲೇ ನಿಂತಿದ್ದರೂ ಅದು ಓಡುತ್ತಲೇ ಇತ್ತು.